ಒಳಕಿವಿಯ ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಸ್ಕ್ಯಾನ್ ಓದಿ ವರದಿ ಬರೆಯುವವರು ರೇಡಿಯಾಲಜಿಸ್ಟ್. ಆದರೆ ಸ್ಕ್ಯಾನ್ ಸೆಂಟರಿನಿಂದ ಬಂದವರು ಆ ದೊಡ್ಡ ಕವರನ್ನು ಬಿಚ್ಚಿ ಹರಡುವುದು ಸಾಮಾನ್ಯವಾಗಿ ನನ್ನ ಮೇಜಿನ ಮೇಲೆ. ಬೇಡದ ಸ್ಕ್ಯಾನಿಗೆ ಸಾವಿರಾರು ರೂಪಾಯಿ ಸುರಿದವರೂ ಬರುತ್ತಾರೆ. ಮಾಡಿಸಲೇಬೇಕಾಗಿದ್ದ ಸ್ಕ್ಯಾನನ್ನು ವರ್ಷಗಟ್ಟಲೆ ಮಾಡಿಸದೆ ಇದ್ದವರೂ ಬರುತ್ತಾರೆ. ಇಬ್ಬರನ್ನೂ ನೋಡಿ ಸಂಕಟವಾಗುತ್ತದೆ. ಅವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಚಿಕಿತ್ಸೆಯ ತೀರ್ಮಾನ ನಿಮ್ಮ ಇಎನ್‌ಟಿ ವೈದ್ಯರದು. ಅವರ ಹತ್ತಿರ ಏನು ಕೇಳಬೇಕು ಎಂದು ತಿಳಿಯಲು ಇದು ಸಹಾಯವಾಗಲಿ.

## ಮೊದಲು ತಿಳಿಯಬೇಕಾದ್ದು

“ಡಾಕ್ಟ್ರು ಟಾರ್ಚ್ ಹಾಕಿ ಕಿವಿ ನೋಡಿದ್ರಲ್ಲ, ಅದ್ರಲ್ಲೇ ಒಳಕಿವಿ ಕಾಣಲ್ವಾ?”

ಕಾಣುವುದಿಲ್ಲ. ಟಾರ್ಚಿನ ಬೆಳಕು ಕಿವಿಯ ತಮಟೆಯವರೆಗೆ ಹೋಗಿ ನಿಲ್ಲುತ್ತದೆ. ತಮಟೆಯ ಆಚೆ ಮೂರು ಪುಟ್ಟ ಮೂಳೆಗಳಿರುವ ನಡುಗಿವಿ. ಅದರ ಆಚೆ ಒಳಕಿವಿ. ತಲೆಬುರುಡೆಯ ಬುಡದಲ್ಲಿ, ದೇಹದ ಅತಿ ಗಟ್ಟಿ ಮೂಳೆಯೊಳಗೆ ಅದು ಹುದುಗಿದೆ. ಬಸವನ ಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಕಾಕ್ಲಿಯ ಕೇಳಿಸಲು ಇದೆ. ಅರ್ಧ ಬಳೆಯಂಥ ಮೂರು ನಾಳಗಳು ತಲೆ ತಿರುಗಿಸಿದಾಗ ನಾವು ಆಯತಪ್ಪದಂತೆ ನೋಡಿಕೊಳ್ಳುತ್ತವೆ. ಎಲ್ಲದರ ಒಳಗೂ ದ್ರವ ತುಂಬಿದೆ.

ಲಿವರ್‌ನಲ್ಲಿ ತೊಂದರೆ ಇದ್ದರೆ ಸೂಜಿ ಹಾಕಿ ಚೂರು ತೆಗೆದು ನೋಡಬಹುದು. ಒಳಕಿವಿಗೆ ಹಾಗೆ ಮಾಡುವಂತಿಲ್ಲ. ಚೂರು ತೆಗೆದರೆ ಇರುವ ಕೇಳಿಸುವಿಕೆಯೂ ಹೋಗುತ್ತದೆ. ಅದಕ್ಕೇ ಇಲ್ಲಿ ಸ್ಕ್ಯಾನಿಗೆ ಇಷ್ಟು ಬೆಲೆ.

“ಸಿಟಿನಾ, ಎಂಆರ್‌ಐನಾ? ಯಾವ್ದು ಒಳ್ಳೇದು?”

ಒಂದು ಮನೆ ಅಂದುಕೊಳ್ಳಿ. ಗೋಡೆಯಲ್ಲಿ ಬಿರುಕು ಬಿಟ್ಟಿದೆಯಾ ಎಂದು ನೋಡಬೇಕಾದರೆ ಸಿಟಿ. ಒಳಗಿನ ಪೈಪಿನಲ್ಲಿ ನೀರು ಇದೆಯಾ, ವೈರ್ ಸರಿಯಾಗಿದೆಯಾ ಎಂದು ನೋಡಬೇಕಾದರೆ ಎಂಆರ್‌ಐ. ಸಿಟಿ ಎಕ್ಸ್‌ರೇಯಿಂದ ಮೂಳೆ ತೋರಿಸುತ್ತದೆ. ಎಂಆರ್‌ಐ ಆಯಸ್ಕಾಂತದಿಂದ ದ್ರವ ಮತ್ತು ನರ ತೋರಿಸುತ್ತದೆ. ಪೆಟ್ಟು ಬಿದ್ದು ಮೂಳೆ ಸೀಳಿದ್ದರೆ, ಹುಟ್ಟಿನಿಂದ ಮೂಳೆಯ ಆಕಾರ ಬೇರೆಯಾಗಿದ್ದರೆ, ಕಿವಿಯ ಮೂಳೆ ಅಸಹಜವಾಗಿ ಬೆಳೆದು ಕೇಳಿಸುವಿಕೆ ಕುಗ್ಗಿಸುವ ಆಟೋಸ್ಕ್ಲೆರೋಸಿಸ್ ಅನುಮಾನ ಇದ್ದರೆ ಸಿಟಿ. ನರದ ಗಡ್ಡೆ, ಒಳಕಿವಿಯ ಉರಿಯೂತ, ಸ್ಟ್ರೋಕ್ ಹುಡುಕುತ್ತಿದ್ದರೆ ಎಂಆರ್‌ಐ. ಕೆಲವರಿಗೆ ಎರಡೂ ಬೇಕಾಗುತ್ತದೆ.

ಸಿಟಿಯ ಕಥೆಯಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಎಕ್ಸ್‌ರೇ ಅಳತೆಗಳನ್ನು ಸೇರಿಸಿ ಅಡ್ಡಕೊಯ್ತದ ಚಿತ್ರ ಮಾಡುವ ಒಂದು ಸರಳ ಲೆಕ್ಕವನ್ನು 1971ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಪ್ರಕಟಿಸಿದರು. ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರು. ಸಿಟಿ ಬಗ್ಗೆ ಓದುವವರು ಇವತ್ತಿಗೂ ಅದನ್ನು ‘ರಾಮ್-ಲಾಕ್ ಫಿಲ್ಟರ್’ ಎಂದೇ ಕರೆಯುತ್ತಾರೆ. ನನಗೆ ಇದು ಗೊತ್ತಾದ ದಿನ ತುಂಬಾ ಹೆಮ್ಮೆಯಾಗಿತ್ತು.

“ತಲೆ ಸ್ಕ್ಯಾನ್ ಆಗ್ಲೇ ಆಗಿದೆ. ಮತ್ತೆ ಕಿವಿದು ಬೇರೆ ಯಾಕೆ?”

ತಲೆಯ ಮಾಮೂಲಿ ಸಿಟಿಯನ್ನು ಸುಮಾರು 5 ಮಿಲಿಮೀಟರ್ ದಪ್ಪದ ಪದರಗಳಲ್ಲಿ ನೋಡುತ್ತಾರೆ. ಇಡೀ ಕಾಕ್ಲಿಯ ಒಂದು ಬಟಾಣಿ ಕಾಳಿನಷ್ಟಿದೆ. ಒಂದೆರಡು ಪದರದಲ್ಲೇ ಅದು ಮುಗಿದುಹೋಗುತ್ತದೆ. ಕಿವಿಗೆಂದೇ ಮಾಡುವ ಸಿಟಿಯಲ್ಲಿ ಪದರಗಳು 0.6 ಮಿಲಿಮೀಟರ್ ಅಥವಾ ಇನ್ನೂ ತೆಳು. ಇದನ್ನು ‘ಎಚ್‌ಆರ್‌ಸಿಟಿ ಟೆಂಪೊರಲ್ ಬೋನ್’ ಎಂದು ಬರೆಯುತ್ತಾರೆ. ಎಂಆರ್‌ಐನಲ್ಲೂ ಹಾಗೆಯೇ. ಒಳಕಿವಿಯ ದ್ರವವನ್ನು ಬೆಳ್ಳಗೆ ಎದ್ದು ಕಾಣಿಸುವ ತೆಳು ಚಿತ್ರಗಳನ್ನು ಪ್ರತ್ಯೇಕವಾಗಿ ತೆಗೆಯಬೇಕು. ಮೆಷಿನ್ ಕಂಪನಿಗೆ ತಕ್ಕಂತೆ ಅವಕ್ಕೆ ಸಿಸ್, ಫಿಯೆಸ್ಟಾ ಅಂತೆಲ್ಲ ಹೆಸರಿವೆ. ಚೀಟಿಯಲ್ಲಿ ಬರೀ ‘ಎಂಆರ್‌ಐ ಬ್ರೈನ್’ ಎಂದಿದ್ದರೆ ಇವನ್ನು ತೆಗೆಯದೇ ಇರಬಹುದು. ಆದ್ದರಿಂದ ಹಣ ಕಟ್ಟುವ ಮೊದಲೇ “ಒಳಕಿವಿಯ ನರ ನೋಡೋ ಥರ ಮಾಡ್ತೀರಾ?” ಎಂದು ಕೇಳಿ. ಇದೊಂದು ಪ್ರಶ್ನೆ ಎರಡನೇ ಸ್ಕ್ಯಾನಿನ ಖರ್ಚು ಉಳಿಸಬಹುದು.

“ರಿಪೋರ್ಟ್ ನಾರ್ಮಲ್ ಅಂತ ಬಂದಿದೆ. ಆದ್ರೂ ಕಿವಿ ಕೇಳ್ತಿಲ್ಲ. ಮೆಷಿನ್ ಸರಿ ಇರ್ಲಿಲ್ವಾ?”

ಮೆಷಿನ್ ಸರಿಯಾಗಿಯೇ ಇತ್ತು. ಸ್ಕ್ಯಾನ್ ತೋರಿಸುವುದು ಆಕಾರವನ್ನು, ಕೆಲಸವನ್ನಲ್ಲ. ಕಾಕ್ಲಿಯದೊಳಗೆ ಸದ್ದನ್ನು ಹಿಡಿಯುವ ಕೂದಲ ಕೋಶಗಳಿವೆ. ವಯಸ್ಸಾದಂತೆ, ಕಾರ್ಖಾನೆಯ ಸದ್ದಿನಿಂದ, ಕೆಲವು ಔಷಧಗಳಿಂದ ಹಾಳಾಗುವುದು ಅವೇ. ಅವು ಎಷ್ಟು ಸಣ್ಣವೆಂದರೆ ಆಸ್ಪತ್ರೆಯ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಎಷ್ಟು ಕೇಳಿಸುತ್ತದೆ ಎಂಬುದಕ್ಕೆ ಆಡಿಯೋಮೆಟ್ರಿಯೇ ಆಗಬೇಕು. ಮಾತು ಬಾರದ ಮಕ್ಕಳಿಗೆ, ಸದ್ದಿಗೆ ನರ ಮತ್ತು ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಬೆರಾ ಪರೀಕ್ಷೆ. ಸ್ಕ್ಯಾನ್ ನಾರ್ಮಲ್ ಬಂತು ಎಂದು ಕಿವಿ ಮಿಷನ್ ಬೇಡ ಅಂದುಕೊಂಡು ಮನೆಗೆ ಹೋಗಬೇಡಿ.

## ತಲೆಸುತ್ತು

“ಮಲಗಿ ಮಗ್ಗುಲು ಬದಲಿಸಿದ್ರೆ ಇಡೀ ಮನೆ ಗಿರ್ರಂತ ತಿರುಗುತ್ತೆ. ಎಂಆರ್‌ಐ ಮಾಡಿಸ್ಬೇಕಾ?”

ಸಾಮಾನ್ಯವಾಗಿ ಬೇಡ. ತಲೆಯನ್ನು ಒಂದು ಕಡೆ ತಿರುಗಿಸಿದಾಗ ಶುರುವಾಗಿ ಒಂದು ನಿಮಿಷದೊಳಗೆ ನಿಲ್ಲುವ ಸುತ್ತು ಹೆಚ್ಚಾಗಿ ‘ಬಿಪಿಪಿವಿ’. ಒಳಕಿವಿಯ ಒಂದು ಭಾಗದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿವೆ. ಅವು ಜಾಗ ಬಿಟ್ಟು ಆ ಅರ್ಧ ಬಳೆಯ ನಾಳಕ್ಕೆ ಜಾರಿದಾಗ ಹೀಗಾಗುತ್ತದೆ. ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಸ್ಕ್ಯಾನಿಗೂ ಕಾಣುವುದಿಲ್ಲ.

ಇದಕ್ಕೆ ಬೇಕಾದ್ದು ಒಂದು ಮಂಚ ಮತ್ತು ಕಲಿತ ಕೈ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಬರೆದಿಟ್ಟ ಪರೀಕ್ಷೆಯಲ್ಲಿ ನಿಮ್ಮ ತಲೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆ ಹೇಗೆ ಅದುರುತ್ತದೆ ಎಂದು ನೋಡುತ್ತಾರೆ. ಯಾವ ಕಿವಿ, ಯಾವ ನಾಳ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳುಗಳನ್ನು ವಾಪಸ್ ಕಳಿಸುತ್ತಾರೆ. ತುಂಬಾ ಜನಕ್ಕೆ ಒಂದೆರಡು ಸಲಕ್ಕೇ ಗುಣ. ಅಮೆರಿಕದ ಇಎನ್‌ಟಿ ವೈದ್ಯರ ಸಂಘದ 2017ರ ಮಾರ್ಗಸೂಚಿಯೂ ಬೇರೆ ಲಕ್ಷಣಗಳಿಲ್ಲದ ಬಿಪಿಪಿವಿಗೆ ಸ್ಕ್ಯಾನ್ ಮಾಡಿಸಬೇಡಿ ಎನ್ನುತ್ತದೆ. ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಕಾಲರ್ ಹಾಕಿಕೊಂಡು, ಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿ ಬಂದವರನ್ನು ಹತ್ತು ನಿಮಿಷದಲ್ಲಿ ಎದ್ದು ನಡೆಸಿದ್ದೇವೆ. ದಯವಿಟ್ಟು ಮೊದಲು ಈ ಪರೀಕ್ಷೆ ಮಾಡಿಸಿಕೊಳ್ಳಿ.

“ಎರಡು ದಿನದಿಂದ ಸುತ್ತು ನಿಂತಿಲ್ಲ. ಸಿಟಿಯಲ್ಲಿ ಏನೂ ಇಲ್ಲ ಅಂದ್ರು. ಹಾಗಾದ್ರೆ ಸ್ಟ್ರೋಕ್ ಅಲ್ಲ ಅಲ್ವಾ?”

ಹಾಗೆ ಹೇಳಲು ಬರುವುದಿಲ್ಲ. ಸಿಟಿಯಲ್ಲಿ ರಕ್ತಸ್ರಾವ ಚೆನ್ನಾಗಿ ಕಾಣುತ್ತದೆ. ಆದರೆ ರಕ್ತನಾಳ ಕಟ್ಟಿಕೊಂಡು ಆದ ಹೊಸ ಸ್ಟ್ರೋಕ್, ಅದರಲ್ಲೂ ಮೆದುಳಿನ ಹಿಂಭಾಗದ್ದು, ಸಿಟಿಯಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಎಂಆರ್‌ಐ ಅದಕ್ಕಿಂತ ಎಷ್ಟೋ ಮೇಲು. ಅದು ಕೂಡ ಮೊದಲ 48 ಗಂಟೆಯೊಳಗೆ ಕೆಲವೊಮ್ಮೆ ಮೋಸ ಮಾಡುತ್ತದೆ. 2009ರಲ್ಲಿ ಪ್ರಕಟವಾದ ‘ಹಿಂಟ್ಸ್’ ಪರೀಕ್ಷೆ ಇಲ್ಲಿ ತುಂಬಾ ಉಪಯೋಗದ್ದು. ತಲೆಯನ್ನು ಸರಕ್ಕನೆ ತಿರುಗಿಸಿದಾಗ ನೋಟ ನಿಲ್ಲುತ್ತದೆಯಾ, ಕಣ್ಣಿನ ಅದುರು ದಿಕ್ಕು ಬದಲಿಸುತ್ತದೆಯಾ, ಒಂದು ಕಣ್ಣು ಇನ್ನೊಂದಕ್ಕಿಂತ ಮೇಲೆ ಕೆಳಗೆ ಆಗುತ್ತದೆಯಾ, ಈ ಮೂರನ್ನೇ ಅದು ನೋಡುವುದು. ಆ ಅಧ್ಯಯನದಲ್ಲಿ, ಅನುಭವಿ ಕೈಯಲ್ಲಿ ಅದು ಶುರುವಿನ ಎಂಆರ್‌ಐಗಿಂತ ಚೆನ್ನಾಗಿ ಸ್ಟ್ರೋಕನ್ನು ಹಿಡಿಯಿತು.

ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಹಿಡಿದುಕೊಳ್ಳದೆ ನಿಲ್ಲಲು ಆಗದಿದ್ದರೆ ಏನನ್ನೂ ಯೋಚಿಸಬೇಡಿ. 108ಕ್ಕೆ ಫೋನ್ ಮಾಡಿ. ಸುತ್ತಿನ ಜೊತೆಗೆ ದಿಢೀರ್ ಅಂತ ಕಿವಿಯೂ ಹೋದರೆ ಅದು ಬರೀ ಕಿವಿಯದೇ ಎಂದು ನಂಬಿ ಕೂರಬೇಡಿ. ಒಳಕಿವಿಗೆ ಹೋಗುವ ರಕ್ತನಾಳ ಸಾಮಾನ್ಯವಾಗಿ ಮೆದುಳಿನ ಹಿಂಭಾಗಕ್ಕೆ ಹೋಗುವ ನಾಳದ್ದೇ ಕವಲು.

“ಮೆನಿಯರ್ ಕಾಯಿಲೆ ಅಂದಿದ್ದಾರೆ. ಅದು ಸ್ಕ್ಯಾನಲ್ಲಿ ಕಾಣುತ್ತಾ?”

ಮಾಮೂಲಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯರ್ ಈ ಕಾಯಿಲೆಯನ್ನು 1861ರಲ್ಲೇ ವಿವರಿಸಿದರು. ಒಳಕಿವಿಯ ಒಳಪೊರೆಯ ಚೀಲ ದ್ರವ ತುಂಬಿ ಉಬ್ಬಿರುತ್ತದೆ ಎಂದು ಗೊತ್ತಾದದ್ದು 1938ರಲ್ಲಿ, ಅದೂ ತೀರಿಕೊಂಡವರ ಮೂಳೆ ಕೊಯ್ದು ನೋಡಿದಾಗ. ಬದುಕಿರುವವರಲ್ಲಿ ಆ ಉಬ್ಬನ್ನು ಎಂಆರ್‌ಐನಲ್ಲಿ ಚೆನ್ನಾಗಿ ತೋರಿಸಿದ್ದು 2007ರಲ್ಲಿ, ಜಪಾನಿನ ನಗೋಯಾದ ನಕಾಶಿಮಾ ತಂಡ. ನಡುವೆ ಸುಮಾರು 70 ವರ್ಷ ಹೋಯಿತು.

ಉಪಾಯ ಸೊಗಸಾಗಿದೆ. ಗ್ಯಾಡೊಲಿನಿಯಂ ಎಂಬ ಔಷಧ ಕೊಡುತ್ತಾರೆ. ಅದು ಒಳಕಿವಿಯ ಹೊರದ್ರವಕ್ಕೆ ಸೇರುತ್ತದೆ, ಒಳಚೀಲದ ದ್ರವಕ್ಕೆ ಸೇರುವುದಿಲ್ಲ. ಹೀಗೆ ಹೊರದ್ರವ ಬೆಳ್ಳಗೆ, ಚೀಲ ಕಪ್ಪಗೆ ಕಾಣುತ್ತದೆ. ಕಪ್ಪು ಜಾಸ್ತಿ ಇದ್ದರೆ ಚೀಲ ಉಬ್ಬಿದೆ ಎಂದರ್ಥ. ಔಷಧವನ್ನು ಕೈಯ ರಕ್ತನಾಳಕ್ಕೆ ಕೊಟ್ಟರೆ ಸುಮಾರು 4 ಗಂಟೆ ಕಾದು ಸ್ಕ್ಯಾನ್ ಮಾಡಬೇಕು. ತಮಟೆಯ ಮೂಲಕ ಕೊಟ್ಟರೆ ಸುಮಾರು ಒಂದು ದಿನ. ಎಲ್ಲ ಕಡೆ ಇದನ್ನು ಮಾಡುವುದಿಲ್ಲ. ಎಲ್ಲರಿಗೂ ಬೇಕಾಗಿಯೂ ಇಲ್ಲ. 20 ನಿಮಿಷದಿಂದ 12 ಗಂಟೆಯವರೆಗಿನ ಸುತ್ತು ಎರಡು ಸಲವಾದರೂ ಬಂದಿದ್ದು, ಅದೇ ಕಿವಿಯಲ್ಲಿ ಕೇಳಿಸುವಿಕೆ ಏರಿಳಿಯುತ್ತಿದ್ದು, ಆಡಿಯೋಮೆಟ್ರಿಯಲ್ಲಿ ಕೆಳ ಅಥವಾ ಮಧ್ಯ ಸ್ವರಗಳು ಕುಸಿದಿರುವುದು, ರೋಗ ಗುರುತಿಸಲು ಮುಖ್ಯ ಆಧಾರ ಇವೇ. ಮಾಮೂಲಿ ಎಂಆರ್‌ಐ ಬರೆದುಕೊಡುವುದು ಗಡ್ಡೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು.

## ಕೇಳಿಸುವಿಕೆ

“ಬೆಳಗ್ಗೆ ಎದ್ರೆ ಒಂದು ಕಿವಿ ಬಂದ್ ಆಗಿತ್ತು. ಎಂಆರ್‌ಐ ಡೇಟ್ ಮುಂದಿನ ವಾರ ಕೊಟ್ಟಿದ್ದಾರೆ. ಕಾಯ್ಲಾ?”

ಸ್ಕ್ಯಾನಿಗೆ ಕಾಯಬಹುದು. ಚಿಕಿತ್ಸೆಗೆ ಕಾಯಬಾರದು. ಇಷ್ಟು ನೆನಪಿಟ್ಟುಕೊಂಡರೂ ಸಾಕು.

ನನ್ನ ಸೋದರಮಾವನಿಗೆ ಹೀಗೇ ಆಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಗುಗ್ಗೆ ಕಟ್ಟಿದೆ ಎಂದು ಹನಿ ಕೊಟ್ಟರು. ಎರಡು ವಾರ ಹನಿ ಹಾಕಿಕೊಂಡರು. ನಾನಾಗ ಇನ್ನೂ ಓದುತ್ತಿದ್ದೆ, ಬೇರೆ ಊರಲ್ಲಿದ್ದೆ. ನನಗೆ ತಿಳಿದು ಆಡಿಯೋಮೆಟ್ರಿ ಮಾಡಿಸುವ ಹೊತ್ತಿಗೆ ತಿಂಗಳು ದಾಟಿತ್ತು. ಆ ಕಿವಿ ವಾಪಸ್ ಬರಲಿಲ್ಲ. ಇವತ್ತಿಗೂ ಅವರು ಊಟದ ಪಂಕ್ತಿಯಲ್ಲಿ ಎಡ ತುದಿ ನೋಡಿ ಕೂರುತ್ತಾರೆ, ಎಲ್ಲರೂ ಬಲಗಿವಿಯ ಕಡೆ ಇರಲಿ ಎಂದು.

72 ಗಂಟೆಯೊಳಗೆ, ಒಂದರ ಪಕ್ಕ ಒಂದಿರುವ ಮೂರು ಸ್ವರಗಳಲ್ಲಿ 30 ಡೆಸಿಬೆಲ್ ಅಥವಾ ಜಾಸ್ತಿ ಕುಸಿದರೆ ಅದು ನರದ ದಿಢೀರ್ ಕಿವುಡು. ಮೊದಲ ದಿನವೇ ಇಎನ್‌ಟಿ ವೈದ್ಯರನ್ನು ನೋಡಿ, ಆಡಿಯೋಮೆಟ್ರಿ ಮಾಡಿಸಿ. ಸ್ಟೆರಾಯ್ಡ್ ಕೊಡುವುದಾದರೆ ಮೊದಲ ಎರಡು ವಾರದೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದರೆ ತಪ್ಪದೆ ಹೇಳಿ. ತಮಟೆಯ ಮೂಲಕ ಕಿವಿಗೇ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ನರದ ಮೇಲೆ ಗಡ್ಡೆ ಇದೆಯಾ ಎಂದು ನೋಡುವ ಎಂಆರ್‌ಐ ಆಮೇಲೆ ಆಗಲಿ, ಆದರೆ ಆಗಲೇಬೇಕು. ಕಿವಿ ಸರಿಹೋಯಿತು ಎಂದು ಅದನ್ನು ಬಿಟ್ಟುಬಿಡಬೇಡಿ. ಗಡ್ಡೆ ಇದ್ದವರಲ್ಲೂ ಕೇಳಿಸುವಿಕೆ ಒಮ್ಮೊಮ್ಮೆ ವಾಪಸ್ ಬರುತ್ತದೆ.

“ನರದ ಮೇಲೆ ಗಡ್ಡೆ ಅಂತ ಬಂದಿದೆ. ಕ್ಯಾನ್ಸರಾ?”

ವರದಿಯಲ್ಲಿ ‘ವೆಸ್ಟಿಬುಲಾರ್ ಶ್ವಾನೋಮಾ’ ಅಥವಾ ‘ಅಕೌಸ್ಟಿಕ್ ನ್ಯೂರೋಮಾ’ ಎಂದಿದ್ದರೆ ಅದು ಕ್ಯಾನ್ಸರ್ ಅಲ್ಲ. ಸಮತೋಲದ ನರದ ಹೊದಿಕೆಯಿಂದ ನಿಧಾನವಾಗಿ ಬೆಳೆಯುವ ಗಡ್ಡೆ. ಎಷ್ಟೋ ಗಡ್ಡೆಗಳು ವರ್ಷಗಟ್ಟಲೆ ಬೆಳೆಯುವುದೇ ಇಲ್ಲ. ಸಣ್ಣದಿದ್ದರೆ ಆರು ತಿಂಗಳಿಗೆ ಒಂದು ಎಂಆರ್‌ಐ, ಆಮೇಲೆ ವರ್ಷಕ್ಕೊಂದು ಮಾಡಿ ಅಳೆಯುತ್ತಾ ಹೋಗುತ್ತಾರೆ. ಬೆಳೆದರೆ ಆಪರೇಷನ್ ಅಥವಾ ಗಾಮಾ ನೈಫ್ ವಿಕಿರಣ. ನಮ್ಮಲ್ಲಿ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ. ಹಳೆಯ ಸ್ಕ್ಯಾನಿನ ಸಿಡಿ ಜೋಪಾನವಾಗಿಡಿ. ಬೆಳೆದಿದೆಯಾ ಎಂದು ಹೇಳಲು ಹೋಲಿಸಬೇಕಲ್ಲ.

ಒಂದೇ ಕಿವಿ ಮಂದವಾಗಿದ್ದರೆ, ಒಂದೇ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ, ಎರಡೂ ಕಿವಿಯ ಆಡಿಯೋಮೆಟ್ರಿ ಗೆರೆಗಳು ದೂರ ದೂರ ಇದ್ದರೆ ಎಂಆರ್‌ಐ ಬಗ್ಗೆ ಕೇಳಿ. ಎರಡೂ ಕಡೆ ಸಮನಾಗಿ, ನಿಧಾನವಾಗಿ ಕಡಿಮೆಯಾದ ವಯಸ್ಸಿನ ಕಿವುಡಿಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.

“ಮಗುಗೆ ಕಾಕ್ಲಿಯರ್ ಇಂಪ್ಲಾಂಟ್ ಮಾಡ್ತೀವಿ ಅಂದ್ರು. ಇಷ್ಟು ಚಿಕ್ಕ ಮಗುಗೆ ಎರಡೆರಡು ಸ್ಕ್ಯಾನ್ ಬೇಕಾ?”

ಕಾಕ್ಲಿಯದೊಳಗೆ ತಂತಿ ತೂರಿಸಿ ಕೇಳಿಸುವ ನರಕ್ಕೆ ಸದ್ದಿನ ಸಂಕೇತ ಮುಟ್ಟಿಸುವ ಸಾಧನವೇ ಕಾಕ್ಲಿಯರ್ ಇಂಪ್ಲಾಂಟ್. ಅದಕ್ಕೆ ಮೊದಲು ಬಹಳಷ್ಟು ಕಡೆ ಎರಡು ಸ್ಕ್ಯಾನನ್ನೂ ಮಾಡುತ್ತಾರೆ, ಅದಕ್ಕೆ ಬಲವಾದ ಕಾರಣವಿದೆ. 1791ರಲ್ಲಿ ಇಟಲಿಯ ಕಾರ್ಲೊ ಮೊಂಡಿನಿ, ಹುಟ್ಟು ಕಿವುಡನಾಗಿದ್ದು ತೀರಿಕೊಂಡ 8 ವರ್ಷದ ಹುಡುಗನ ಕಿವಿ ಕೊಯ್ದು ನೋಡಿದ. ಕಾಕ್ಲಿಯ ಎರಡೂವರೆ ಸುತ್ತಿನ ಬದಲು ಒಂದೂವರೆ ಸುತ್ತಿಗೇ ನಿಂತಿತ್ತು. ಅವತ್ತು ಸತ್ತ ಮೇಲೆ ಮಾತ್ರ ತಿಳಿಯುತ್ತಿದ್ದ ವಿಷಯ ಇವತ್ತು ಮಗು ಮಲಗಿರುವಾಗಲೇ ತಿಳಿಯುತ್ತದೆ. ನರದ ಕಿವುಡಿನೊಂದಿಗೆ ಹುಟ್ಟಿದ ಮಕ್ಕಳಲ್ಲಿ ಸುಮಾರು 20 ಶೇಕಡಾದಷ್ಟು ಮಕ್ಕಳಿಗೆ ಇಂಥ ಆಕಾರದ ವ್ಯತ್ಯಾಸ ಸ್ಕ್ಯಾನಿನಲ್ಲಿ ಕಾಣುತ್ತದೆ. ಉಳಿದವರದು ಕೋಶಗಳ ಮಟ್ಟದ ತೊಂದರೆ.

ಸರ್ಜನ್‌ಗೆ ಸಿಟಿ ದಾರಿ ತೋರಿಸುತ್ತದೆ. ಮುಖದ ನರ ಎಲ್ಲಿ ಹಾದುಹೋಗಿದೆ, ಕಾಕ್ಲಿಯ ಯಾವ ಆಕಾರದಲ್ಲಿದೆ, ತೂತು ಮಾಡಿದರೆ ಮೆದುಳಿನ ದ್ರವ ಚಿಮ್ಮುವ ಅಪಾಯ ಇದೆಯಾ, ಇದೆಲ್ಲ ಮೊದಲೇ ಗೊತ್ತಿರಬೇಕು. ಎಂಆರ್‌ಐ ನರ ಇದೆಯಾ ಎಂದು ಹೇಳುತ್ತದೆ. ಒಳಕಿವಿಯಿಂದ ಮೆದುಳಿಗೆ ಹೋಗುವ ಓಣಿಯ ಅಡ್ಡಕೊಯ್ತ ನೋಡಿದರೆ ನಾಲ್ಕು ಚುಕ್ಕೆಗಳು: ಮುಂದೆ ಮೇಲೆ ಮುಖದ ನರ, ಅದರ ಕೆಳಗೆ ಕೇಳಿಸುವ ನರ, ಹಿಂದೆ ಸಮತೋಲದ ಎರಡು ನರಗಳು. ಕೇಳಿಸುವ ನರದ ಚುಕ್ಕೆ ಇಲ್ಲದಿದ್ದರೆ ಇಂಪ್ಲಾಂಟಿನಿಂದ ಹೆಚ್ಚು ಉಪಯೋಗ ಆಗದೇ ಇರಬಹುದು. ಕೆಲವು ಮಕ್ಕಳಿಗೆ ಮೆದುಳಿನ ಕಾಂಡದ ಮೇಲೆ ಕೂರಿಸುವ ಇಂಪ್ಲಾಂಟ್ ಯೋಚಿಸಬೇಕಾಗುತ್ತದೆ. ಇದನ್ನು ಆಪರೇಷನ್ ಆದಮೇಲೆ ತಿಳಿಯುವುದು ತಂದೆತಾಯಿಗೆ ಎಂಥ ನೋವು, ಯೋಚಿಸಿ.

ಎಂಆರ್‌ಐಗೆ ಮಗು ಅಲುಗಾಡದೆ ಮಲಗಬೇಕು, ಹಾಗಾಗಿ ನಿದ್ದೆಯ ಸಿರಪ್ ಅಥವಾ ಅರಿವಳಿಕೆ ಕೊಡುತ್ತಾರೆ. ತೀರಾ ಎಳೆ ಕೂಸುಗಳಿಗೆ ಹಾಲು ಕುಡಿಸಿ, ಬಟ್ಟೆ ಸುತ್ತಿ ಮಲಗಿಸಿಯೇ ಮುಗಿಸುವುದೂ ಉಂಟು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಕೇಳಿಸುವಿಕೆಯ ಪರೀಕ್ಷೆ, ಸಲಹೆ, ಥೆರಪಿ ಸಿಗುತ್ತದೆ. ಇಂಪ್ಲಾಂಟಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ನೆರವಿದೆ. ಅದಕ್ಕೆ ವಯಸ್ಸಿನ ಮಿತಿ ಇದೆ, ಬೇಗ ವಿಚಾರಿಸಿ.

“ಮೆನಿಂಜೈಟಿಸ್ ಬಂದು ಬದುಕಿದ್ದೇ ದೊಡ್ಡದು. ಕಿವಿ ಆಮೇಲೆ ನೋಡೋಣ ಅಲ್ವಾ?”

ಕಾಯಬೇಡಿ. ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು, ಒಳಕಿವಿಗೆ ಇಳಿದರೆ ಕಾಕ್ಲಿಯದ ದ್ರವದ ಜಾಗದಲ್ಲಿ ಮೊದಲು ನಾರು, ಆಮೇಲೆ ಮೂಳೆ ತುಂಬಿಕೊಳ್ಳುತ್ತದೆ. ವಾರಗಳಲ್ಲೇ ಇದು ಶುರುವಾಗಬಹುದು. ಮೂಳೆ ತುಂಬಿದರೆ ಇಂಪ್ಲಾಂಟಿನ ತಂತಿ ತೂರಿಸಲು ಜಾಗವೇ ಇರುವುದಿಲ್ಲ. ನಾರು ಕಟ್ಟುವ ಹಂತದಲ್ಲಿ ಸಿಟಿ ನಾರ್ಮಲ್ ಎನ್ನುತ್ತದೆ. ಎಂಆರ್‌ಐನಲ್ಲಿ ಮಾತ್ರ ಬೆಳ್ಳಗಿರಬೇಕಾದ ದ್ರವ ಮಾಸಿದಂತೆ ಕಾಣುತ್ತದೆ. ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲೇ ಕೇಳಿಸುವಿಕೆ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.

“ರಿಪೋರ್ಟಲ್ಲಿ ‘ವೆಸ್ಟಿಬುಲಾರ್ ಆಕ್ವಿಡಕ್ಟ್ ಅಗಲವಾಗಿದೆ’ ಅಂತ ಇದೆ. ಹಂಗಂದ್ರೇನು?”

ಒಳಕಿವಿಯಿಂದ ಹಿಂದಕ್ಕೆ ಹೋಗುವ ಸಣ್ಣ ಮೂಳೆ ಕಾಲುವೆ ಅದು. ನಡುಭಾಗದಲ್ಲಿ 1.5 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಅಗಲ ಎಂದು 1978ರಲ್ಲಿ ಹೇಳಿದರು. ಈಗ ಕೆಲವರು ಇನ್ನೂ ಕಡಿಮೆ ಅಳತೆ ಬಳಸುತ್ತಾರೆ. ಇಂಥ ಮಕ್ಕಳಿಗೆ ಹುಟ್ಟಿದಾಗ ಕೇಳಿಸುತ್ತಿದ್ದು, ತಲೆಗೆ ಸಣ್ಣ ಪೆಟ್ಟು ಬಿದ್ದಾಗಲೆಲ್ಲ ಮೆಟ್ಟಿಲಿಳಿದಂತೆ ಕಡಿಮೆಯಾಗಬಹುದು. ಆದ್ದರಿಂದ ಕಬಡ್ಡಿ, ಕುಸ್ತಿಯಂಥ ಆಟ ಬೇಡ ಎನ್ನುತ್ತಾರೆ. ಸೈಕಲ್ ಹತ್ತಿದರೆ ಹೆಲ್ಮೆಟ್ ಇರಲಿ. ಕೆಲವರಲ್ಲಿ ಇದರ ಜೊತೆ ಥೈರಾಯ್ಡ್ ತೊಂದರೆಯೂ ಬರುತ್ತದೆ, ಪೆಂಡ್ರೆಡ್ ಸಿಂಡ್ರೋಮ್ ಎಂದು ಹೆಸರು. ಥೈರಾಯ್ಡ್ ಬಗ್ಗೆಯೂ ವೈದ್ಯರನ್ನು ಕೇಳಿ.

## ಸ್ಕ್ಯಾನ್ ಮಾಡಿಸುವ ದಿನ

“ರೇಡಿಯೇಷನ್, ಕಾಂಟ್ರಾಸ್ಟ್ ಇಂಜೆಕ್ಷನ್ ಅಂದ್ರೆ ಭಯ.”

ಎಂಆರ್‌ಐನಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ. ಸಿಟಿಯಲ್ಲಿ ಇದೆ. ಬೇಕಾದಾಗ ಒಂದು ಸಲ ಮಾಡಿಸಲು ಹೆದರಬೇಡಿ, ಸುಮ್ನೆ ಮತ್ತೆ ಮತ್ತೆ ಮಾಡಿಸಬೇಡಿ. ಕಾಂಟ್ರಾಸ್ಟ್ ಎಂದರೆ ಚಿತ್ರದಲ್ಲಿ ಕೆಲವು ಭಾಗ ಎದ್ದು ಕಾಣಲು ಕೊಡುವ ಔಷಧ. ಮೂಳೆ ನೋಡುವ ಸಿಟಿಗೆ ಸಾಮಾನ್ಯವಾಗಿ ಆ ಇಂಜೆಕ್ಷನ್ ಬೇಕಿಲ್ಲ. ಗಡ್ಡೆ ಹುಡುಕುವ ಎಂಆರ್‌ಐಗೆ ಗ್ಯಾಡೊಲಿನಿಯಂ ಕೊಡಬಹುದು. ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ, ಹಿಂದೆ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ.

“ಎಂಆರ್‌ಐ ಸದ್ದಿಗೆ ಇರೋ ಕಿವೀನೂ ಹೋದ್ರೆ? ಕಿವಿ ಮಿಷನ್ ಹಾಕ್ಕೊಂಡೇ ಹೋಗಬಹುದಾ?”

ಸದ್ದು 100 ಡೆಸಿಬೆಲ್ ದಾಟಬಹುದು. ಹಾಗಾಗಿ ಕಿವಿಗೆ ಪ್ಲಗ್ ಅಥವಾ ಹೆಡ್‌ಫೋನ್ ಹಾಕದೆ ಮಲಗಬೇಡಿ. ಗುಂಯ್ ಸದ್ದಿನ ತೊಂದರೆ ಇದ್ದರೆ ಪ್ಲಗ್, ಹೆಡ್‌ಫೋನ್ ಎರಡನ್ನೂ ಕೇಳಿ ಹಾಕಿಸಿಕೊಳ್ಳಿ. ಕಿವಿ ಮಿಷನ್ ಹೊರಗೆ ಬಿಚ್ಚಿಡಬೇಕು. ಹಾಗಾಗಿ ಒಳಗೆ ಹೋಗುವ ಮೊದಲೇ ಉಸಿರು ಹಿಡಿಯುವುದು, ಗಂಟೆ ಒತ್ತುವುದು ಎಲ್ಲವನ್ನೂ ಕೇಳಿ ತಿಳಿದುಕೊಳ್ಳಿ. ಒಳಗೆ ಸ್ಕ್ಯಾನ್ ಸಿಬ್ಬಂದಿಯ ಮಾತು ಕೇಳಿಸುವುದಿಲ್ಲ.

ಕಾಕ್ಲಿಯರ್ ಇಂಪ್ಲಾಂಟ್ ಇದ್ದವರು ಅದರ ಕಾರ್ಡ್ ತೋರಿಸದೆ ಎಂಆರ್‌ಐ ಕೋಣೆಯ ಬಾಗಿಲು ದಾಟಬಾರದು. ಚರ್ಮದ ಕೆಳಗೆ ಆಯಸ್ಕಾಂತವಿದೆ. ಹೊಸ ಮಾದರಿಗಳಲ್ಲಿ ಅದು ತಾನೇ ತಿರುಗಿ ಹೊಂದಿಕೊಳ್ಳುತ್ತದೆ. ಹಳೆಯವಕ್ಕೆ ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಬೇಕು, ಕೆಲವಕ್ಕೆ ಆಯಸ್ಕಾಂತವನ್ನೇ ತೆಗೆಯಬೇಕು.

## ಇನ್ನೂ ಆಳಕ್ಕೆ

“ಎಂಆರ್‌ಐ ಒಳಗೆ ಹೋದ ತಕ್ಷಣ ತೇಲಿದ ಹಾಗಾಯ್ತು. ನನ್ನ ಭ್ರಮೆನಾ?”

ಭ್ರಮೆಯಲ್ಲ. 2011ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ತಂಡ ಇದರ ಕಾರಣ ತೋರಿಸಿತು. ಒಳಕಿವಿಯ ದ್ರವದಲ್ಲಿ ಸದಾ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ. ಬಲವಾದ ಆಯಸ್ಕಾಂತದ ಬಳಿ ಅದಕ್ಕೆ ತಳ್ಳು ಬಿದ್ದು ದ್ರವ ಒತ್ತುತ್ತದೆ, ಮೆದುಳಿಗೆ ತಲೆ ತಿರುಗುತ್ತಿದೆ ಎನಿಸುತ್ತದೆ. ಸಮತೋಲದ ಅಂಗ ಎರಡೂ ಕಡೆ ಕೆಲಸ ನಿಲ್ಲಿಸಿದವರಿಗೆ ಹೀಗಾಗಲಿಲ್ಲ. ಆಯಸ್ಕಾಂತ ಬಲವಾದಷ್ಟೂ ಇದು ಜಾಸ್ತಿ. ಹೊರಬಂದ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದರೆ ಸಾಕು.

“ನನ್ನ ಕಣ್ಣುಗುಡ್ಡೆ ಹೊರಳೋ ಸದ್ದು ನನಗೇ ಕೇಳಿಸುತ್ತೆ. ಹೇಳಿದ್ರೆ ಯಾರೂ ನಂಬಲ್ಲ.”

ನಾನು ನಂಬುತ್ತೇನೆ. ಮೇಲಿನ ಅರ್ಧ ಬಳೆಯ ನಾಳದ ಮೇಲ್ಛಾವಣಿಯ ಮೂಳೆಯಲ್ಲಿ ತೂತು ಬಿದ್ದರೆ ಹೀಗಾಗುತ್ತದೆ. 1998ರಲ್ಲಿ ಅಮೆರಿಕದ ವೈದ್ಯ ಲಾಯ್ಡ್ ಮೈನರ್ ಇದನ್ನು ವಿವರಿಸುವವರೆಗೆ ಎಷ್ಟೋ ಜನರನ್ನು ಮಾನಸಿಕ ಎಂದು ಕಳಿಸುತ್ತಿದ್ದಿರಬೇಕು. ತಮ್ಮದೇ ಮಾತು, ಹೆಜ್ಜೆ, ನಾಡಿ ಬಡಿತ ಕಿವಿಯೊಳಗೆ ಮೊಳಗುತ್ತದೆ. ಜೋರು ಸದ್ದಿಗೆ, ಕೆಮ್ಮಿಗೆ ಸುತ್ತು ಬರುತ್ತದೆ.

ಇದಕ್ಕೆ ತೆಳು ಪದರದ ಸಿಟಿ ಬೇಕು. ಚಿತ್ರವನ್ನು ಆ ನಾಳದ ಉದ್ದಕ್ಕೂ, ಅದಕ್ಕೆ ಅಡ್ಡಲಾಗಿಯೂ ಮತ್ತೆ ಕೊಯ್ದು ನೋಡಬೇಕು. ಆದರೆ ಇಲ್ಲೂ ಸಿಟಿಯೊಂದನ್ನೇ ನಂಬುವಂತಿಲ್ಲ. ಮೂಳೆ ತುಂಬಾ ತೆಳ್ಳಗಿದ್ದರೆ ಇಲ್ಲದಿದ್ದರೂ ತೂತು ಇದ್ದಂತೆ ಕಾಣುತ್ತದೆ. ಅದಕ್ಕೇ ‘ವೆಂಪ್’ ಎಂಬ ಪರೀಕ್ಷೆ ಜೊತೆಗಿರಬೇಕು. ಸದ್ದು ಕೊಟ್ಟು ಕುತ್ತಿಗೆಯ ಅಥವಾ ಕಣ್ಣಿನ ಸ್ನಾಯುವಿನ ಪ್ರತಿಕ್ರಿಯೆ ಅಳೆಯುತ್ತಾರೆ. ತೂತು ನಿಜವಾಗಿ ಇದ್ದರೆ ಸಣ್ಣ ಸದ್ದಿಗೇ ದೊಡ್ಡ ಪ್ರತಿಕ್ರಿಯೆ ಬರುತ್ತದೆ. ಲಕ್ಷಣ, ಸಿಟಿ, ವೆಂಪ್ ಮೂರೂ ಒಂದೇ ಮಾತು ಹೇಳಿ, ದಿನನಿತ್ಯದ ಬದುಕಿಗೆ ತೊಂದರೆ ಇದ್ದರೆ ಮಾತ್ರ ತೂತು ಮುಚ್ಚುವ ಆಪರೇಷನ್ ಬಗ್ಗೆ ಮಾತಾಡುತ್ತಾರೆ. ಸಿಟಿಯಲ್ಲಿ ಕಂಡಿದೆ, ನಿಮಗೆ ತೊಂದರೆ ಏನೂ ಇಲ್ಲ ಎಂದಾದರೆ ಹಾಗೆಯೇ ಬಿಡಬಹುದು.